ವಿಕ್ಲಿಫ್ ಮೊದಲೋ, ಹುಸ್ ಮೊದಲೋ?

ಮಧ್ಯಯುಗದ ಯುರೋಪಿನಲ್ಲಿ ಚರ್ಚನ್ನು ಪ್ರಶ್ನಿಸಿದ ಈ ಇಬ್ಬರು ಸುಧಾರಕರಲ್ಲಿ ಯಾರನ್ನು ಮೊದಲು ಓದಲಿ ಅಂತ ಕೇಳಿದ್ದೀರಿ. ಸುಲಭವಾಗಿ ಓದಿಸಿಕೊಳ್ಳುವವರು ಯಾನ್ ಹುಸ್. ಪ್ರಾಗ್‌ನಲ್ಲಿ ಜನರ ಚೆಕ್ ಮಾತಲ್ಲೇ ಬೋಧಿಸಿದವರು. ಚರ್ಚಿನ ಬೋಧನೆಗೆ ವಿರುದ್ಧ ಹೋದರೆಂದು 1415ರಲ್ಲಿ ಅವರನ್ನು ಈಗಿನ ಜರ್ಮನಿಯ ಕಾನ್‌ಸ್ಟನ್ಸ್‌ನಲ್ಲಿ ಜೀವಂತ ಸುಟ್ಟರು. ಅದಕ್ಕೂ ಮುಂಚೆ ಸೆರೆಯಿಂದ ಗೆಳೆಯರಿಗೆ ಬರೆದ ಕಾಗದಗಳಿವೆಯಲ್ವಾ, ಅಲ್ಲಿಂದ ಶುರು ಮಾಡಿ.

ವಿಚಾರದ ಬೇರು ಬೇಕಾದರೆ ಆಕ್ಸ್‌ಫರ್ಡಿನ ಜಾನ್ ವಿಕ್ಲಿಫ್. ಚರ್ಚಿಗೆ ಇಷ್ಟೊಂದು ಆಸ್ತಿ ಯಾಕೆ ಅಂತ ಹುಸ್‌ಗಿಂತ ಮೊದಲೇ ಕೇಳಿದವರು. ಲ್ಯಾಟಿನ್ ತರ್ಕ ಜಾಸ್ತಿ, ತಾಳ್ಮೆ ಬೇಕು. ಪೂಜೆಯ ರೊಟ್ಟಿ ಕ್ರಿಸ್ತನ ದೇಹವಾಗುತ್ತದೆ ಅಂತ ಚರ್ಚ್ ಹೇಳುತ್ತಿದ್ದರೆ, ಅದು ರೊಟ್ಟಿಯಾಗಿಯೇ ಉಳಿಯುತ್ತದೆ ಎಂದರು. ಹುಸ್ ಅಷ್ಟು ದೂರ ಹೋಗಲಿಲ್ಲ. ವಿಕ್ಲಿಫ್ 1384ರಲ್ಲಿ ತೀರಿಕೊಂಡರೂ ಚರ್ಚ್ ಅವರನ್ನು ಬಿಡಲಿಲ್ಲ: 1428ರಲ್ಲಿ ಮೂಳೆ ಅಗೆದು ಸುಟ್ಟು, ಬೂದಿಯನ್ನು ಸ್ವಿಫ್ಟ್ ಹೊಳೆಗೆ ಚೆಲ್ಲಿದರು. ಓದಿದಾಗ ಹೊಟ್ಟೆ ತಳಮಳಿಸಿತು.

ತತ್ವಶಾಸ್ತ್ರ ಓದುವವರಾದರೆ ವಿಕ್ಲಿಫ್. ಒಂದೆರಡು ಸಂಜೆ ಮಾತ್ರ ಬಿಡುವಿದ್ದರೆ ಹುಸ್.