ಹುಬ್ಬಳ್ಳಿಯಲ್ಲಿ ಕೂತು ಗದಗದ ಸರ್ವರ್ ಅಪ್‌ಗ್ರೇಡ್: ಓಪನ್‌ಬಿಎಸ್‌ಡಿ ಒಳ್ಳೆಯದೋ, ಫ್ರೀಬಿಎಸ್‌ಡಿಯೋ?

ನಾನು ನೋಡಿಕೊಳ್ಳುವ ಮಷೀನ್ ಎರಡು. ಒಂದು ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯಲ್ಲೇ ಇದೆ. ಹಳೇ ಡೆಸ್ಕ್‌ಟಾಪ್, ಫೈರ್‌ವಾಲ್ ಕೆಲಸಕ್ಕೆ ಇಟ್ಟಿದ್ದು, ಅದರಲ್ಲಿ ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್. ಇನ್ನೊಂದು ಗದಗದಲ್ಲಿ, ಕಾಕಾನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಲಗ್ನಪತ್ರಿಕೆ, ಕ್ಯಾಲೆಂಡರ್, ಗೈಡುಗಳ ಪುಟ ಎಲ್ಲ ಅದರ ಡಿಸ್ಕಿನಲ್ಲೇ. ಅದಕ್ಕೆ ಫ್ರೀಬಿಎಸ್‌ಡಿ ಹಾಕಿದ್ದೇನೆ. ಎರಡೂ ಬರ್ಕ್ಲಿ ಯೂನಿಕ್ಸ್ ಮನೆತನದವೇ. ಆದರೆ ಒಂದು ಬಿಡುಗಡೆಯಿಂದ ಮುಂದಿನದಕ್ಕೆ ಹೋಗುವ ರೀತಿ ಮಾತ್ರ ಪೂರ್ತಿ ಬೇರೆ. ಯಾವುದು ವಾಸಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳೋದು ಇಷ್ಟೇ: ಮಷೀನ್ ನಿಮ್ಮ ಕೈಗೆಟುಕುವ ಹಾಗಿದೆಯೋ, ಇಲ್ಲ ಬಸ್ ಹತ್ತಬೇಕೋ?

ಇನ್‌ಸ್ಟಾಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಓಪನ್‌ಬಿಎಸ್‌ಡಿ ಸುಮಾರು 700 ಎಂಬಿಯ ಒಂದು ಇಮೇಜ್. ಸಾಲು ಸಾಲಾಗಿ ಪ್ರಶ್ನೆ ಕೇಳುತ್ತದೆ, ಉತ್ತರವನ್ನೂ ತಾನೇ ಸೂಚಿಸುತ್ತದೆ. ಹೆಚ್ಚಿನ ಕಡೆ ಎಂಟರ್ ಒತ್ತುತ್ತಾ ಹೋದರೆ ಸಾಕು, ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ. ಫ್ರೀಬಿಎಸ್‌ಡಿಯಲ್ಲಿ ಮೆನುಗಳಿವೆ. ಅಲ್ಲಿ ನೀವು ನಿಜವಾಗಿ ತಲೆ ಓಡಿಸಬೇಕಾದ್ದು ಒಂದೇ ಕಡೆ: ಡಿಸ್ಕ್ ಭಾಗ ಮಾಡುವಾಗ ಯುಎಫ್‌ಎಸ್ ಬಿಟ್ಟು ಜೆಡ್‌ಎಫ್‌ಎಸ್ ಆರಿಸಿ (ಎರಡೂ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಗಳು). ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಲ್ಯಾನ್ ಕೇಬಲ್ ಇಲ್ಲದ ಕಡೆ ಮೊಬೈಲಿನ ಯುಎಸ್‌ಬಿ ಟೆಥರಿಂಗ್ ಎರಡರಲ್ಲೂ ನಡೆಯಿತು.

ಅಪ್‌ಗ್ರೇಡಿಗೆ ಬರೋಣ. ಓಪನ್‌ಬಿಎಸ್‌ಡಿಯಲ್ಲಿ 2019ರ 6.6 ಬಿಡುಗಡೆಯಿಂದ 'ಸಿಸ್‌ಅಪ್‌ಗ್ರೇಡ್' ಅನ್ನೋ ಕಮಾಂಡ್ ಬಂದಿದೆ. ಅದೊಂದನ್ನು ಟೈಪ್ ಮಾಡಿ ಸುಮ್ನೆ ಕೂತರಾಯಿತು. ಹೊಸ ಫೈಲುಗಳನ್ನು ಇಳಿಸಿಕೊಳ್ಳುತ್ತದೆ, ಸಹಿ ಸರಿಯಿದೆಯಾ ನೋಡುತ್ತದೆ, ಅಪ್‌ಗ್ರೇಡಿಗೆಂದೇ ಇರುವ ಕರ್ನಲ್‌ನಿಂದ (ಸಿಸ್ಟಮ್ಮಿನ ತಿರುಳು) ರೀಬೂಟ್ ಆಗಿ ಎಲ್ಲವನ್ನೂ ಬಿಚ್ಚಿ ಹಾಕುತ್ತದೆ, ಮತ್ತೆ ರೀಬೂಟ್. ಎದ್ದ ಮೇಲೆ ಸೆಟ್ಟಿಂಗುಗಳಿರುವ ಇಟಿಸಿ ಫೋಲ್ಡರಿನ ಹಳೇ ಹೊಸ ಫೈಲುಗಳನ್ನು ತಾನೇ ಹೊಂದಿಸಲು ನೋಡುತ್ತದೆ. ಆಗದಿದ್ದುದನ್ನು ನಮಗೆ ಬಿಡುತ್ತದೆ. ಆಗ 'ಸಿಸ್‌ಮರ್ಜ್' ಓಡಿಸಿ, ಪ್ರತಿ ಫೈಲಿಗೂ ಹಳೇದೇ ಇರಲೋ, ಹೊಸದು ಹಾಕಲೋ, ಎರಡನ್ನೂ ಕೂಡಿಸಲೋ ಅಂತ ಹೇಳಬೇಕು. ಕೊನೆಗೆ ಪ್ಯಾಕೇಜುಗಳ, ಅಂದರೆ ನಾವು ಮೇಲೆ ಹಾಕಿಕೊಂಡ ಸಾಫ್ಟ್‌ವೇರುಗಳ ಅಪ್‌ಡೇಟ್. ಪ್ರತಿ ಬಿಡುಗಡೆಗೂ ಏನು ಅಳಿಸಬೇಕು, ಯಾವ ಸೆಟ್ಟಿಂಗ್ ಬದಲಾಗಿದೆ ಅಂತ ಒಂದು ಪುಟ ಇರುತ್ತದೆ. ಅಷ್ಟು ಅಚ್ಚುಕಟ್ಟಾದ ಬರಹ ಬೇರೆ ಕಡೆ ನಾನು ಕಂಡಿಲ್ಲ.

ಫ್ರೀಬಿಎಸ್‌ಡಿಯಲ್ಲಿ ಇಷ್ಟು ಆರಾಮ ಇಲ್ಲ. 'ಫ್ರೀಬಿಎಸ್‌ಡಿ-ಅಪ್‌ಡೇಟ್' ಮೊದಲು ಸಾವಿರಾರು ಸಣ್ಣ ಪ್ಯಾಚ್ ಇಳಿಸುತ್ತದೆ. ಚುಕ್ಕೆ ಬಿದ್ದು, ಹತ್ತು, ಇಪ್ಪತ್ತು ಅಂತ ಎಣಿಕೆ ಏರುವುದನ್ನು ನೋಡುತ್ತಾ ಕೂರಬೇಕು. ಎರಡೂ ಕಡೆ ಬದಲಾದ ಫೈಲ್ ಸಿಕ್ಕರೆ ನೇರ ವಿಐ ಎಡಿಟರಿನಲ್ಲಿ ತೆರೆದು ಮುಂದಿಡುತ್ತದೆ. ಅದರಲ್ಲಿ ಬಾಣದ ಗುರುತಿನ ಸಾಲುಗಳಿರುತ್ತವೆ. ಅವನ್ನು ಅಳಿಸದೆ ಸೇವ್ ಮಾಡಿದರೆ ಆ ಗುರುತುಗಳು ಹಾಗೇ ಫೈಲಿನೊಳಗೆ ಉಳಿಯುತ್ತವೆ. ಬಳಕೆದಾರರ ಪಟ್ಟಿ ಇರುವ ಫೈಲಿನಲ್ಲಿ ಹೀಗಾದರೆ ಲಾಗಿನ್ನಿಗೇ ಕುತ್ತು. ಇದಾದ ಮೇಲೆ ಇನ್‌ಸ್ಟಾಲ್, ರೀಬೂಟ್, ಮತ್ತೆ ಇನ್‌ಸ್ಟಾಲ್. 13ರಿಂದ 14ಕ್ಕೆ ಹೋಗುವಂಥ ದೊಡ್ಡ ನೆಗೆತವಾದರೆ ಪ್ಯಾಕೇಜುಗಳನ್ನೆಲ್ಲ ಹೊಸದಾಗಿ ಹಾಕಿ, ಹಳೇ ಲೈಬ್ರರಿ ತೆಗೆಯಲು ಮೂರನೇ ಸಲ ಇನ್‌ಸ್ಟಾಲ್. ಬೇಜಾರಾಗುತ್ತೆ, ಅಲ್ವಾ?

ಆದರೂ ಗದಗದ ಮಷೀನಿಗೆ ನಾನು ಇದನ್ನೇ ಇಟ್ಟಿದ್ದೇನೆ. ಜೆಡ್‌ಎಫ್‌ಎಸ್ ಇದ್ದರೆ, ಇನ್‌ಸ್ಟಾಲ್ ಮಾಡುವ ಮುಂಚೆ ಈಗಿನ ಸಿಸ್ಟಮ್ಮಿನ ಒಂದು ಪ್ರತಿಯನ್ನು ಅಪ್‌ಡೇಟ್ ತಾನೇ ಎತ್ತಿಡುತ್ತದೆ. ಅದಕ್ಕೆ ಬೂಟ್ ಎನ್ವಿರಾನ್‌ಮೆಂಟ್ ಅನ್ನುತ್ತಾರೆ. ಒಮ್ಮೆ 14ಕ್ಕೆ ಹೋದ ಮೇಲೆ ಪ್ರೆಸ್ಸಿನ ಮಷೀನ್ ನೆಟ್‌ವರ್ಕಿಗೇ ಬರಲಿಲ್ಲ. ನೆಟ್‌ವರ್ಕ್ ಕಾರ್ಡಿಗೆ ಪ್ಯಾಕೇಜಿನಿಂದ ಹಾಕಿದ್ದ ಡ್ರೈವರ್ ಹಳೇ ಕರ್ನಲ್ಲಿಗೆ ಕಟ್ಟಿದ್ದು, ಹೊಸದರಲ್ಲಿ ಏಳಲಿಲ್ಲ. ಪ್ರೆಸ್ಸಿನ ಹುಡುಗ ಫೋನ್ ಮಾಡಿದ: "ಅಣ್ಣಾರ, ಪರದಿ ಮ್ಯಾಲ ಬರೇ ಇಂಗ್ಲಿಷ್ ಅಕ್ಷರ ಓಡಾಕತ್ತಾವ್ರಿ. ಫೈಲ್ ಒಂದೂ ತೆರಿವಲ್ದು." ಮಷೀನ್ ಮತ್ತೆ ಶುರು ಮಾಡಿಸಿ, ಮೆನು ಬಂದ ಕೂಡಲೇ ಸ್ಪೇಸ್ ಒತ್ತಿಸಿ, ಬೂಟ್ ಎನ್ವಿರಾನ್‌ಮೆಂಟ್ ಅನ್ನೋ ಸಾಲು ಹುಡುಕಿಸಿ, ಹಳೇದನ್ನು ಆರಿಸು ಅಂದೆ. ಸಿಸ್ಟಮ್ ಹಿಂದಿನ ಸ್ಥಿತಿಗೆ ಬಂತು. ಪ್ರೆಸ್ಸಿನ ಪುಟಗಳು ಬೇರೆ ಡೇಟಾಸೆಟ್ಟಿನಲ್ಲಿ (ಜೆಡ್‌ಎಫ್‌ಎಸ್‌ನ ಬೇರೆ ವಿಭಾಗ) ಇದ್ದಿದ್ದರಿಂದ ಬೆಳಗಿನ ಕೆಲಸ ಒಂದೂ ಹೋಗಲಿಲ್ಲ. ಓಪನ್‌ಬಿಎಸ್‌ಡಿಯಲ್ಲಿ ಇಂಥ ದಾರಿ ಇಲ್ಲ. ಹಿಂದಕ್ಕೆ ಹೋಗಬೇಕೆಂದರೆ ಬ್ಯಾಕಪ್ಪೇ ಗತಿ.

ಕರೆಂಟಿನ ವಿಷಯದಲ್ಲೂ ಹಾಗೇ. ಸಿಸ್‌ಅಪ್‌ಗ್ರೇಡ್ ಫೈಲ್ ಇಳಿಸುವಾಗ ಕರೆಂಟ್ ಹೋದರೆ ಏನೂ ಆಗೋದಿಲ್ಲ, ಮತ್ತೆ ಓಡಿಸಿದರಾಯಿತು. ಬಿಚ್ಚಿ ಹಾಕುವಾಗ ಹೋದರೆ ಸಿಸ್ಟಮ್ ಅರ್ಧ ಹಳೇದು ಅರ್ಧ ಹೊಸದು. ಆಗ ಇನ್‌ಸ್ಟಾಲರ್ ಕರ್ನಲ್‌ನಿಂದ ಬೂಟ್ ಮಾಡಿ ಅಪ್‌ಗ್ರೇಡ್ ಮತ್ತೆ ಹಾಕಬೇಕು, ಅದಕ್ಕೆ ಕೀಬೋರ್ಡ್ ಮುಂದೆ ಗೊತ್ತಿದ್ದವರು ಬೇಕು. ಮನೆಯಲ್ಲಿ ನಾನೇ ಇರುತ್ತೇನೆ, ಯುಪಿಎಸ್ ಕೂಡ ಇದೆ.

ಜೆಡ್‌ಎಫ್‌ಎಸ್ ಬಳಸುವವರಿಗೆ ಒಂದು ಮಾತು. ಅಪ್‌ಗ್ರೇಡ್ ಆದ ಮೇಲೆ ಪೂಲ್, ಅಂದರೆ ಜೆಡ್‌ಎಫ್‌ಎಸ್ ಡಿಸ್ಕುಗಳ ಗುಂಪಿನ ಸ್ಥಿತಿ ನೋಡಿದರೆ ಹೊಸ ಸೌಲಭ್ಯಗಳು ಇನ್ನೂ ಚಾಲೂ ಆಗಿಲ್ಲ, ಪೂಲ್ ಅಪ್‌ಗ್ರೇಡ್ ಮಾಡಿ ಅಂತ ಬರುತ್ತದೆ. ತಪ್ಪು ಅಂದುಕೊಂಡು ಕೂಡಲೇ ಮಾಡಲು ಹೋಗಬೇಡಿ. ಪೂಲ್ ಹೊಸದಾದರೆ ಹಳೇ ಬೂಟ್ ಎನ್ವಿರಾನ್‌ಮೆಂಟ್ ಅದನ್ನು ಓದಲಾರದೆ ಹೋಗಬಹುದು. ಸಿಸ್ಟಮ್ ಎಬ್ಬಿಸುವ ಬೂಟ್ ಲೋಡರ್ ಹಳೇದೇ ಉಳಿದಿದ್ದರೆ ಮಷೀನ್ ಏಳೋದೇ ಇಲ್ಲ.

ಡೆಬಿಯನ್ ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಅದು ಲಿನಕ್ಸ್, ಅದನ್ನೂ ಓಡಿಸಿ ನೋಡಿದ್ದೇನೆ. 12ರಿಂದ 2025ರ 13ಕ್ಕೆ ಸಲೀಸಾಗಿ ಹೋಯಿತು, ತಕರಾರಿಲ್ಲ. ಸಿಸ್ಟಮ್ಮೂ ಪ್ಯಾಕೇಜೂ ಒಂದೇ ರಾಶಿಯಲ್ಲಿ ಇರೋದು ಮಾತ್ರ ನನಗೆ ಒಗ್ಗಲಿಲ್ಲ.

ಇನ್ನು ಕ್ಯಾಲೆಂಡರ್. ಓಪನ್‌ಬಿಎಸ್‌ಡಿ ಆರು ತಿಂಗಳಿಗೊಮ್ಮೆ ಬರುತ್ತದೆ, ಇತ್ತೀಚಿನ ಎರಡು ಬಿಡುಗಡೆಗಳಿಗಷ್ಟೇ ಪ್ಯಾಚ್ ಸಿಗುತ್ತದೆ. ನಡುವಿನದನ್ನು ಬಿಟ್ಟು ಮುಂದಕ್ಕೆ ಹಾರುವ ಹಾಗಿಲ್ಲ, ಒಂದೊಂದಾಗಿಯೇ ಹೋಗಬೇಕು. ಫ್ರೀಬಿಎಸ್‌ಡಿ 13 ಬಂದಿದ್ದು 2021ರ ಏಪ್ರಿಲ್‌ನಲ್ಲಿ, ಅದರ ಸಾಲಿಗೆ 2026ರ ಏಪ್ರಿಲ್ ತನಕ ಬೆಂಬಲ ಅಂತ ನಿಗದಿಯಾಗಿತ್ತು. ಮರೆತು ಬಿಡುವ ಜನರಿಗೆ ಇದೇ ಅನುಕೂಲ. ಓಪನ್‌ಬಿಎಸ್‌ಡಿ ಮಷೀನ್ ಒಂದು ನಾಲ್ಕೈದು ಬಿಡುಗಡೆ ಹಿಂದೆ ಬಿದ್ದಿದ್ದರೆ ಅಪ್‌ಗ್ರೇಡ್ ಗೋಜಿಗೇ ಹೋಗಬೇಡಿ. ಇಟಿಸಿ, ಹೋಮ್ ಎರಡನ್ನೂ ಪೆನ್‌ಡ್ರೈವಿಗೆ ತೆಗೆದಿಟ್ಟು ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡಿ, ಅದೇ ಬೇಗ ಮುಗಿಯುತ್ತದೆ.