ಶಾಲೆ ಕೊಠಡಿಗೆ ಯಾವ ಸೂರು? ಶೀಟು, ಮೋಲ್ಡ್, ಫಿಲ್ಲರ್ ಸ್ಲ್ಯಾಬ್: ಮೂರರ ಕೆಳಗೂ ಪಾಠ ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫಿಲ್ಲರ್ ಸ್ಲ್ಯಾಬ್‌ಗೆ, ಅಂದರೆ ಒಳಗೆ ಹೆಂಚು ಇಟ್ಟು ಹಾಕುವ ಕಾಂಕ್ರೀಟ್ ಸೂರಿಗೆ. ನಮ್ಮದು ತಿಪಟೂರು ಸೀಮೆಯ ಒಂದು ಪ್ರೌಢಶಾಲೆ. ನಾನು ಅಲ್ಲಿ ಗಣಿತದ ಮೇಷ್ಟ್ರು. ಕಟ್ಟಡ ಸಮಿತಿಯ ಓಡಾಟವೂ ನನ್ನ ಪಾಲಿಗೇ ಬಂದಿದೆ. ದಾನಿಗಳಿಂದ ದುಡ್ಡು ಬಂದ ಹಾಗೆ ಒಂದೊಂದು ಸಲ ಒಂದೆರಡು ಕೊಠಡಿ ಕಟ್ಟಿಸಿದ್ದರಿಂದ, ಒಂದೇ ಅಂಗಳದಲ್ಲಿ ಮೂರು ಥರದ ಸೂರು ಸೇರಿಕೊಂಡಿವೆ. ಗೋಡೆ ಎಲ್ಲಕ್ಕೂ ಒಂದೇ, ಕಿಟಕಿ ಒಂದೇ ಅಳತೆ. ಹಾಗಾಗಿ ವ್ಯತ್ಯಾಸ ಇರುವುದು ತಲೆಯ ಮೇಲೆ ಮಾತ್ರ.

ಪರಿಸರಸ್ನೇಹಿ ಶಾಲೆ ಅಂದ ಕೂಡಲೇ ಎಲ್ಲರೂ ಸೋಲಾರ್ ಪ್ಯಾನೆಲ್, ಮಳೆನೀರು ಕೊಯ್ಲು ಅನ್ನುತ್ತಾರೆ. ಎರಡೂ ಬೇಕು. ಆದರೆ ಒಂದೇ ಅಂತಸ್ತಿನ ಶಾಲೆಯಲ್ಲಿ ಬಿಸಿಲು ಹೆಚ್ಚಾಗಿ ಒಳಗೆ ಇಳಿಯುವುದು ಸೂರಿನಿಂದಲೇ. ಅದನ್ನು ಸರಿಯಾಗಿ ಮಾಡದೆ ಸುಮ್ನೆ ಫ್ಯಾನ್ ಹೆಚ್ಚಿಸಿದರೆ, ಬಿಸಿ ಗಾಳಿಯನ್ನೇ ಮಕ್ಕಳ ಮೇಲೆ ಬೀಸಿದ ಹಾಗಾಗುತ್ತದೆ.

ಶೀಟಿನ ಕೊಠಡಿಗಳು ನಾನು ಸಮಿತಿಗೆ ಬರುವ ಮೊದಲೇ ಆಗಿದ್ದವು. ಖರ್ಚು ಎಲ್ಲಕ್ಕಿಂತ ಕಡಿಮೆ, ಕೆಲಸವೂ ಬೇಗ. ಜೂನ್‌ಗೆ ಮಕ್ಕಳು ಬರುವುದರೊಳಗೆ ಸೂರು ಬೇಕಿತ್ತು, ಶೀಟು ಒದಗಿ ಬಂತು. ಆದರೆ ಕ್ಲಾಸ್‌ರೂಮ್ ಅಂದರೆ ಮೊದಲು ಮಾತು ಕೇಳಿಸಬೇಕಾದ ಜಾಗ ಅಲ್ವಾ? ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಹನಿ ದಪ್ಪ ಆಗುತ್ತಿದ್ದ ಹಾಗೆ ಹಿಂದಿನ ಬೆಂಚಿನವರು ಮುಂದಕ್ಕೆ ಬಾಗುತ್ತಾರೆ. ಇನ್ನೂ ಜೋರಾದರೆ ಮೊದಲ ಬೆಂಚಿಗೂ ಕೇಳುವುದಿಲ್ಲ. ಬೋರ್ಡಿನ ಮೇಲೆ ಬರೆದು ತೋರಿಸುವುದೊಂದೇ ದಾರಿ. ಲೆಕ್ಕವಾದರೆ ಹೇಗೋ ನಡೆಯುತ್ತದೆ, ಕನ್ನಡ ಪದ್ಯ ಹೇಳಿಕೊಡುವವರು ಏನು ಮಾಡಬೇಕು?

ಬಿಸಿಲಿನ ಕಥೆ ಎಲ್ಲರಿಗೂ ಗೊತ್ತು. ತೆಳು ಲೋಹ, ಹತ್ತು ಗಂಟೆಗೇ ಕಾದಿರುತ್ತದೆ, ಆ ಕಾವು ನೇರವಾಗಿ ತಲೆಗೆ ಹೊಡೆಯುತ್ತದೆ.

ಇದು ಶೀಟಿನ ತಪ್ಪು ಅನ್ನುವುದಕ್ಕಿಂತ ಶೀಟನ್ನು ಒಂಟಿಯಾಗಿ ಹಾಕುವುದರ ತಪ್ಪು. ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ ಗಾಂಡೋ ಎಂಬ ಹಳ್ಳಿ ಇದೆ. ಅಲ್ಲಿ ಹುಟ್ಟಿದ ಫ್ರಾನ್ಸಿಸ್ ಕೆರೆ ಎಂಬ ವಾಸ್ತುಶಿಲ್ಪಿ ತಮ್ಮ ಊರಿಗೆ ಒಂದು ಶಾಲೆ ಕಟ್ಟಿದರು. 2001ರಲ್ಲಿ ಮುಗಿದ ಆ ಶಾಲೆಗೂ ತಗಡಿನ ಸೂರೇ. ಆದರೆ ಕೊಠಡಿಯ ಮೇಲೆ ಮಣ್ಣಿನ ಇಟ್ಟಿಗೆಯ ಒಳಮುಚ್ಚಿಗೆ ಇದೆ, ತಗಡು ಅದಕ್ಕಿಂತ ಎಷ್ಟೋ ಮೇಲೆ ಕಂಬಿಯ ಚೌಕಟ್ಟಿನ (ಟ್ರಸ್) ಮೇಲೆ ನಿಂತಿದೆ. ನಡುವೆ ಗಾಳಿ ಓಡಾಡುತ್ತದೆ. ಒಳಗಿನ ಬಿಸಿ ಗಾಳಿ ಇಟ್ಟಿಗೆಯ ಸಂದುಗಳಿಂದ ಮೇಲೇರಿ ಹೊರಗೆ ಹೋಗುತ್ತದೆ. ಕರೆಂಟ್ ಇಲ್ಲದೆ ತಂಪು. ಕೆರೆ ಅವರಿಗೆ 2022ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಹೀಗೆ ಮಾಡುವುದಾದರೆ ನಾನೂ ಶೀಟಿಗೆ ಸೈ. ಆದರೆ ಆಗ ಎರಡು ಸೂರಿನ ಖರ್ಚು ಬೀಳುತ್ತದೆ, ಶೀಟು ಅಗ್ಗ ಅನ್ನುವ ಮಾತೇ ಉಳಿಯುವುದಿಲ್ಲ.

ಸಿಮೆಂಟ್ ಶೀಟು, ಅಂದರೆ ಆಸ್ಬೆಸ್ಟಾಸ್ ಇರುವುದು, ಶಾಲೆಗೆ ಬೇಡವೇ ಬೇಡ. ಅದರ ನಾರಿನ ಧೂಳು ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. ಎರಡು ತಗಡಿನ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಚೆನ್ನಾಗಿದೆ, ನಮ್ಮ ಬಜೆಟ್‌ಗೆ ಸಿಗುವಂಥದ್ದಲ್ಲ.

ಇನ್ನು ಮೋಲ್ಡ್, ಅಂದರೆ ಕಂಬಿ ಕಟ್ಟಿ ಹಾಕುವ ಮಾಮೂಲಿ ಕಾಂಕ್ರೀಟ್ ಸೂರು. ನಮ್ಮೂರಲ್ಲಿ "ಪರ್ಮನೆಂಟ್ ಬಿಲ್ಡಿಂಗ್" ಅಂದರೆ ಮೋಲ್ಡ್ ಹಾಕಿದ್ದು ಅಂತಲೇ ಅರ್ಥ. ದಾನಿಗಳಿಗೂ ಅದೇ ಇಷ್ಟ. ಮಳೆ ಸದ್ದಿಲ್ಲ, ಗಾಳಿಗೆ ಹಾರುವ ಭಯವಿಲ್ಲ, ಯಾವ ಮೇಸ್ತ್ರಿ ಬೇಕಾದರೂ ಮಾಡುತ್ತಾನೆ. ತೊಂದರೆ ಏನೆಂದರೆ, ಕಾಂಕ್ರೀಟ್ ನಿಧಾನವಾಗಿ ಕಾಯುತ್ತದೆ. ಬೆಳಿಗ್ಗೆ ಹಾಯಾಗಿರುತ್ತದೆ. ಊಟ ಮುಗಿಸಿ ಮಕ್ಕಳು ಒಳಗೆ ಬರುವ ಹೊತ್ತಿಗೆ ಸೂರು ಕಾವು ಕಾರಲು ಶುರು ಮಾಡುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹತ್ತನೇ ಕ್ಲಾಸಿನವರು ಪರೀಕ್ಷೆಗೆ ಓದುವ ಹೊತ್ತು ಅದು.

ಸಿಮೆಂಟಿನ ಲೆಕ್ಕ ಬೇರೆ ಇದೆ. ನಮ್ಮ ಕೊಠಡಿ 20 ಅಡಿಗೆ 25 ಅಡಿ. 5 ಇಂಚು ದಪ್ಪದ ಸ್ಲ್ಯಾಬ್ ಹಾಕಿದರೆ ಒಂದು ಚದರ ಅಡಿ ಸುಮಾರು 30 ಕೆಜಿ ತೂಗುತ್ತದೆ. ಇಡೀ ಸೂರು 15 ಟನ್ ಹತ್ತಿರ. ತೊಲೆಗಳನ್ನು ಬಿಟ್ಟು ಸ್ಲ್ಯಾಬ್ ಒಂದಕ್ಕೇ 45 ಮೂಟೆಗಿಂತ ಜಾಸ್ತಿ ಸಿಮೆಂಟ್. ಸಿಮೆಂಟ್ ಮಾಡುವಾಗ ಸುಣ್ಣದ ಕಲ್ಲನ್ನು ಸುಡುತ್ತಾರೆ. ಇಂಧನದ ಹೊಗೆ ಒಂದು ಕಡೆ, ಕಲ್ಲಿನಿಂದಲೇ ಹೊರಡುವ ಇಂಗಾಲದ ಡೈಆಕ್ಸೈಡ್ ಇನ್ನೊಂದು ಕಡೆ. ಇಡೀ ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟಿನದೇ ಪಾಲು. ಮೂಟೆ ಕಡಿಮೆ ಮಾಡುವುದೇ ನಮ್ಮಂಥವರ ಕೈಲಿ ಆಗುವ ಕೆಲಸ.

ಫಿಲ್ಲರ್ ಸ್ಲ್ಯಾಬ್ ಅಲ್ಲಿ ನೆರವಿಗೆ ಬರುತ್ತದೆ. ಸ್ಲ್ಯಾಬಿನ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗಲು ನೋಡುತ್ತದೆ. ಒತ್ತಡ ತಡೆಯುವುದು ಕಾಂಕ್ರೀಟಿಗೆ ಸುಲಭ, ಎಳೆತ ತಡೆಯಲು ಅದಕ್ಕೆ ಬರುವುದಿಲ್ಲ. ಎಳೆತವನ್ನೆಲ್ಲ ಕಂಬಿ ಹೊರುತ್ತದೆ. ಅಂದಮೇಲೆ ಕೆಳಭಾಗದಲ್ಲಿ, ಕಂಬಿಗಳ ನಡುವೆ, ಅಷ್ಟೊಂದು ಕಾಂಕ್ರೀಟ್ ಯಾಕೆ? ಅಲ್ಲಿ ಎರಡೆರಡು ಮಂಗಳೂರು ಹೆಂಚು ಒಂದರ ಮೇಲೊಂದು ಜೋಡಿಸಿ ಇಟ್ಟು, ಮೇಲೆ ಕಾಂಕ್ರೀಟ್ ಹಾಕುತ್ತಾರೆ. ಹೆಂಚುಗಳ ನಡುವಿನ ಗಾಳಿ ಕಾವು ಕೆಳಗಿಳಿಯುವುದನ್ನು ತಡೆಹಿಡಿಯುತ್ತದೆ. ನಮ್ಮ ಕೊಠಡಿಯಲ್ಲಿ ಐದನೇ ಒಂದು ಭಾಗದಷ್ಟು ಕಾಂಕ್ರೀಟ್ ಉಳಿತಾಯವಾಯಿತು, ಅಂದರೆ ಸುಮಾರು ಒಂಬತ್ತು ಮೂಟೆ ಸಿಮೆಂಟ್. ತೂಕ ಇಳಿದದ್ದರಿಂದ ಕಂಬಿಯೂ ಸ್ವಲ್ಪ ಇಳಿಯಿತು.

ಸಮಿತಿಯ ಹಿರಿಯರು ಒಪ್ಪಲು ಹೊತ್ತು ಹಿಡಿಯಿತು. "ಹೆಂಚಿನ ಮೇಲೆ ಮೋಲ್ಡಾ? ಮಕ್ಕಳ ತಲೆ ಮೇಲೆ ಬಿದ್ದರೆ ಯಾರು ಹೊಣೆ ಮೇಷ್ಟ್ರೇ?" ಅಂದರು. ಕೇಳಬೇಕಾದ ಪ್ರಶ್ನೆಯೇ. ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಕ್ಯಾಂಪಸ್ಸನ್ನು 1970ರ ದಶಕದಲ್ಲಿ ಇಂಥ ಕಡಿಮೆ ಖರ್ಚಿನ ವಿಧಾನಗಳಲ್ಲೇ ಕಟ್ಟಿದರು, ಅದು ಇವತ್ತಿಗೂ ಓದು-ಸಂಶೋಧನೆಯ ಜಾಗವಾಗಿ ನಡೆಯುತ್ತಿದೆ ಅಂತ ಹೇಳಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ 1974ರಲ್ಲಿ ಅಸ್ತ್ರ ಅನ್ನುವ ವಿಭಾಗ ಶುರುವಾಗಿ, ಹಳ್ಳಿಗೆ ಹೊಂದುವ ಕಟ್ಟಡ ವಿಧಾನಗಳ ಮೇಲೆ ಕೆಲಸ ಮಾಡಿತು ಅಂತಲೂ ಹೇಳಿದೆ. ಕೊನೆಗೆ ಅವರನ್ನು ಒಪ್ಪಿಸಿದ್ದು ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿದ ಡ್ರಾಯಿಂಗ್. ಅದಿಲ್ಲದೆ ಯಾರೂ ಇದಕ್ಕೆ ಕೈ ಹಾಕಬೇಡಿ. ತೊಲೆಯ ಪಕ್ಕದಲ್ಲಿ ಹೆಂಚು ಇಡದೆ ಗಟ್ಟಿ ಕಾಂಕ್ರೀಟ್ ಬಿಡಬೇಕಾದ ಜಾಗ ಇರುತ್ತದೆ. ಅದು ಎಷ್ಟು ಅಗಲ ಅನ್ನುವುದನ್ನು ಅಂದಾಜಿನ ಮೇಲೆ ಮಾಡುವಂತಿಲ್ಲ.

ಈಗ ತಲೆನೋವಿನ ವಿಷಯಕ್ಕೆ ಬರುತ್ತೇನೆ. ಫಿಲ್ಲರ್ ಸ್ಲ್ಯಾಬ್ ಹೊಗಳುವವರು ಯಾರೂ ಇದನ್ನು ಮೊದಲೇ ಹೇಳುವುದಿಲ್ಲ. ಫ್ಯಾನ್ ಎಲ್ಲಿ ಬರುತ್ತದೆ?

ಮಾಮೂಲಿ ಮೋಲ್ಡ್‌ನಲ್ಲಿ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊರುವ ಹಲಗೆ) ಆಗಿ ಕಂಬಿ ಕಟ್ಟಿದ ಮೇಲೆ ಎಲೆಕ್ಟ್ರಿಷಿಯನ್ ಬರುತ್ತಾನೆ. ಫ್ಯಾನ್ ಬಾಕ್ಸ್ ಇಟ್ಟು, ಪೈಪ್ ಎಳೆದು, ಮುಗಿಸಿ ಹೋಗುತ್ತಾನೆ. ಅರ್ಧ ಅಡಿ ಆಚೆ ಈಚೆ ಆದರೂ ನಡೆಯುತ್ತದೆ. ನಮ್ಮ ಮೊದಲ ಫಿಲ್ಲರ್ ಕೊಠಡಿಗೂ ಅದೇ ರೂಢಿಯಲ್ಲಿ ಬಂದ. ಅಷ್ಟು ಹೊತ್ತಿಗೆ ಹೆಂಚಿನ ಸಾಲು ಪೂರ್ತಿ ಕೂತಿತ್ತು. ಫ್ಯಾನ್ ಬರಬೇಕಾದ ಜಾಗದಲ್ಲಿ ಸರಿಯಾಗಿ ಹೆಂಚಿನ ನಡು! ಆ ಜೋಡಿ ತೆಗೆದರೆ ಅಲ್ಲಿ ಗಟ್ಟಿ ಕಾಂಕ್ರೀಟಿನ ಮಚ್ಚೆ ಉಳಿಯುತ್ತದೆ. ಫ್ಯಾನನ್ನೇ ಪಕ್ಕದ ಕಂಬಿ ಸಾಲಿಗೆ ಸರಿಸಿದರೆ ನಾಲ್ಕು ಫ್ಯಾನ್ ನಾಲ್ಕು ದಿಕ್ಕಿಗೆ. ಪೈಪ್‌ದೂ ಅದೇ ಪಾಡು. ನೇರ ಎಳೆಯುವ ಹಾಗಿಲ್ಲ, ಹೆಂಚುಗಳ ನಡುವಿನ ನಾಲ್ಕು ಇಂಚಿನ ಓಣಿಯಲ್ಲೇ ಸುತ್ತಿಸಬೇಕು. ತಿರುವು ಜಾಸ್ತಿ ಆದಷ್ಟೂ ಆಮೇಲೆ ವೈರ್ ಎಳೆಯುವುದು ಕಷ್ಟ. ಅವನು ಓಡಾಡುವಾಗ ಕಾಲಿಗೆ ಸಿಕ್ಕಿ ಒಂದಷ್ಟು ಹೆಂಚು ಒಡೆದವು. ಒಡೆದ ಹೆಂಚನ್ನು ಬದಲಾಯಿಸದೆ ಬಿಟ್ಟರೆ ಸಿಮೆಂಟ್ ಹಾಲು ಒಳಗಿಳಿದು ಗಾಳಿಯ ಜಾಗ ತುಂಬಿಬಿಡುತ್ತದೆ. ಹಾಗಾಗಿ ಕಾಂಕ್ರೀಟ್ ಗಾಡಿ ನಿಂತಿದ್ದಂತೆಯೇ ಬದಲಾಯಿಸುವ ಕೆಲಸ ನಡೆಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಹಳೆಯ ವಿದ್ಯಾರ್ಥಿಯೊಬ್ಬರು ಪ್ರೊಜೆಕ್ಟರ್ ಕೊಟ್ಟರು. ತೂಗುಹಾಕಲು ಬಂದ ಹುಡುಗ ಡ್ರಿಲ್ ಇಟ್ಟ, ಬಿಟ್ ಒಂದೇ ಸಲಕ್ಕೆ ಹೆಂಚು ದಾಟಿ ಟೊಳ್ಳಿಗೆ ಹೋಯಿತು. ಆಂಕರ್ ಬೋಲ್ಟ್ ಹಿಡಿಯಲು ಅಲ್ಲಿ ಏನೂ ಇಲ್ಲ. "ಸಾರ್, ಇದರಲ್ಲಿ ನಿಲ್ಲಲ್ಲ" ಅಂದ. ಅವನು ಹೇಳಿದ್ದು ಸರಿ. ಕೊನೆಗೆ ತೊಲೆಯಿಂದ ತೊಲೆಗೆ ಕಬ್ಬಿಣದ ಆಂಗಲ್ ಹಾಕಿಸಿ ಅದಕ್ಕೆ ಪ್ರೊಜೆಕ್ಟರ್ ಕಟ್ಟಿದೆವು. ವೆಲ್ಡಿಂಗ್, ಬಣ್ಣ, ಕೂಲಿ, ಎಲ್ಲ ಹೆಚ್ಚುವರಿ ಖರ್ಚು.

ಎರಡನೇ ಕೊಠಡಿಗೆ ಕ್ರಮವನ್ನೇ ತಿರುಗಿಸಿದೆವು. ಸೆಂಟ್ರಿಂಗ್ ಹಲಗೆ ಕೂತ ದಿನವೇ, ಒಂದು ಹೆಂಚೂ ಮೇಲೆ ಹೋಗುವ ಮೊದಲು, ಎಲೆಕ್ಟ್ರಿಷಿಯನ್ ಮತ್ತು ಮೇಸ್ತ್ರಿ ಇಬ್ಬರನ್ನೂ ಮೇಲೆ ಹತ್ತಿಸಿದೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಫ್ಯಾನ್, ಲೈಟ್, ಪ್ರೊಜೆಕ್ಟರ್ ಜಾಗ ಗುರುತು ಹಾಕಿದೆವು. ಆಮೇಲೆ ಆ ಗುರುತುಗಳು ಓಣಿಗೆ ಬೀಳುವ ಹಾಗೆ ಹೆಂಚಿನ ಸಾಲನ್ನು ಜೋಡಿಸಿದೆವು. ಬೋರ್ಡಿನ ಎದುರು ಒಂದು ಪಟ್ಟಿಯನ್ನು ಹೆಂಚಿಲ್ಲದೆ ಗಟ್ಟಿಯಾಗಿ ಬಿಡಲು ಎಂಜಿನಿಯರ್ ಒಪ್ಪಿದರು. ಮುಂದೆ ಏನೇ ತೂಗುಹಾಕಬೇಕಾದರೂ ಆ ಪಟ್ಟಿಗೆ ಡ್ರಿಲ್ ಮಾಡಿದರಾಯಿತು. ಕಾಂಕ್ರೀಟ್ ಹಾಕುವ ಮುಂಚೆ ಮೂಲೆ ಮೂಲೆಯಿಂದ ಫೋಟೋ ತೆಗೆದು ಶಾಲೆಯ ಫೈಲಿನಲ್ಲಿ ಇಟ್ಟಿದ್ದೇವೆ. ನಾನು ನಿವೃತ್ತನಾದ ಮೇಲೆ ಬರುವವರಿಗೆ ಪೈಪ್ ಎಲ್ಲಿದೆ ಅಂತ ತಿಳಿಯಬೇಕಲ್ಲ. ಆ ಕೊಠಡಿಯಲ್ಲಿ ಇವತ್ತಿನವರೆಗೆ ಫ್ಯಾನಿನ ತಕರಾರು ಬಂದಿಲ್ಲ.

ಉಳಿದ ಮಾತು ಚಿಕ್ಕವು. ಹೆಂಚನ್ನು ಹಿಂದಿನ ರಾತ್ರಿಯೇ ತೊಟ್ಟಿಯಲ್ಲಿ ನೆನೆಸಬೇಕು, ಒಣ ಹೆಂಚು ಕಾಂಕ್ರೀಟಿನ ನೀರನ್ನು ಹೀರಿಬಿಡುತ್ತದೆ. ಹಳೇ ಮನೆ ಕೆಡವಿದ ಕಡೆ ಹೆಂಚು ಅಗ್ಗಕ್ಕೆ ಸಿಗುತ್ತದೆ, ಆದರೆ ಬೆರಳಿನಿಂದ ತಟ್ಟಿ ಸದ್ದು ನೋಡಿ ತೆಗೆದುಕೊಳ್ಳಿ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಕೂಲಿ ಮೋಲ್ಡ್‌ಗಿಂತ ಜಾಸ್ತಿ, ಸಿಮೆಂಟ್ ಕಂಬಿಯಲ್ಲಿ ಉಳಿದದ್ದರಲ್ಲಿ ಅರ್ಧದಷ್ಟು ಅದಕ್ಕೇ ಹೋಯಿತು. ಒಳಗಡೆ ಗಾರೆ ಬೇಕಿಲ್ಲ, ಕೆಂಪು ಹೆಂಚಿನ ಸಾಲು ಹಾಗೆಯೇ ಕಾಣುತ್ತದೆ, ಚೆನ್ನಾಗಿಯೂ ಕಾಣುತ್ತದೆ. ದನಿಯೂ ಮೋಲ್ಡ್ ಕೊಠಡಿಯಷ್ಟು ಗುಂಯ್‌ಗುಡುವುದಿಲ್ಲ. ವಿಜ್ಞಾನದ ಮೇಡಂ ಲ್ಯಾಬಿನ ಥರ್ಮಾಮೀಟರ್ ನೇತುಹಾಕಿ ನೋಡಿದಾಗ ಮಧ್ಯಾಹ್ನ ಮೋಲ್ಡ್ ಕೊಠಡಿಗಿಂತ ಒಂದೆರಡು ಡಿಗ್ರಿ ಕಡಿಮೆ ಇತ್ತು. ಅಂಕಿ ಚಿಕ್ಕದು, ಆದರೆ ತಲೆಯ ಮೇಲೆ ಬೀಳುವ ಕಾವು ಕಡಿಮೆಯಾದದ್ದು ಕೊನೆಯ ಪೀರಿಯಡ್‌ನಲ್ಲಿ ಮಕ್ಕಳ ಮುಖದಲ್ಲೇ ಗೊತ್ತಾಗುತ್ತದೆ.

ಕರಾವಳಿ, ಮಲೆನಾಡಿನವರಿಗೆ ನನ್ನ ತೀರ್ಮಾನ ಹೊಂದದೇ ಇರಬಹುದು. ಅಷ್ಟು ಮಳೆಗೆ ಇಳಿಜಾರು ಹೆಂಚಿನ ಮನೆಯೇ ಚೆಂದ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟು ಶಾಲೆಗಳು ಆ ಹೆಂಚಿನ ಕೆಳಗೆ ನಡೆದಿವೆ! ನಮ್ಮಲ್ಲಿ ಮಂಗಗಳ ಕಾಟ ಜಾಸ್ತಿ, ವರ್ಷಾವರ್ಷ ಹೆಂಚು ಕೈಯಾಡಿಸುವವರು ಸಿಗುವುದಿಲ್ಲ, ರಿಪೇರಿಗೆ ಅಂತ ಬೇರೆ ದುಡ್ಡೂ ಇಲ್ಲ. ಮೇಲೆ ಇನ್ನೆರಡು ಅಂತಸ್ತು ಬರುವ ಕಾಲೇಜಾದರೆ ಕೆಳಗಿನ ಸೂರಿಗೆ ಬಿಸಿಲೇ ತಾಗುವುದಿಲ್ಲ. ಅಲ್ಲಿ ಫಿಲ್ಲರ್‌ನಿಂದ ಸಿಗುವುದು ಸಿಮೆಂಟಿನ ಉಳಿತಾಯ ಮಾತ್ರ. ಸೈಕಲ್ ಸ್ಟ್ಯಾಂಡಿಗೆ, ಬಿಸಿಯೂಟದ ಪಡಸಾಲೆಗೆ ಶೀಟೇ ಸಾಕು.

ನಮ್ಮದು ಬಯಲುಸೀಮೆ, ಹತ್ತರಿಂದ ನಾಲ್ಕೂವರೆವರೆಗೆ ನಡೆಯುವ, ಎಸಿ ಕನಸಿನಲ್ಲೂ ಇಲ್ಲದ, ಒಂದು ಅಂತಸ್ತಿನ ಶಾಲೆ. ಇಂಥದ್ದಕ್ಕೆ ಫಿಲ್ಲರ್ ಸ್ಲ್ಯಾಬ್ ಬಿಟ್ಟು ಬೇರೆ ನಾನು ಹೇಳುವುದಿಲ್ಲ. ಮುಂದಿನ ಎರಡು ಕೊಠಡಿಗೂ ಅದೇ ಅಂತ ಸಮಿತಿಯಲ್ಲಿ ಠರಾವು ಆಗಿದೆ. ಶೀಟಿನ ಕೊಠಡಿಗಳನ್ನು ಕೆಡವುವಷ್ಟು ದುಡ್ಡು ಸದ್ಯಕ್ಕಿಲ್ಲ. ಈ ಬೇಸಿಗೆ ರಜದಲ್ಲಿ ಆ ಶೀಟುಗಳ ಮೇಲೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಕೂಲ್ ರೂಫ್ ಬಣ್ಣ ಬಳಿಸಿ, ಕೆಳಗೆ ಬಿದಿರಿನ ಚಾಪೆಯ ಒಳಮುಚ್ಚಿಗೆ ಹಾಕಿಸುತ್ತಿದ್ದೇವೆ. ಚಾಪೆಗೂ ಶೀಟಿಗೂ ನಡುವೆ ಒಂದಡಿ ಬಿಟ್ಟು, ಎರಡೂ ತುದಿಯ ಗೋಡೆಗೆ ಜಾಲರಿ ಇಡಿಸುತ್ತೇವೆ, ಇಲಿ ಸೇರಬಾರದು, ಗಾಳಿ ಮಾತ್ರ ಹಾಯಬೇಕು.