ರೀಚಾರ್ಜ್ ಮಾಡಿದ ಎಚ್ಚಿಂಗ್ ದ್ರಾವಣ ತರುವವರೇ, ಮುಚ್ಚಳ ನೋಡಿಕೊಳ್ಳಿ

ತುಮಕೂರಿನಲ್ಲಿ ಮನೆಯಲ್ಲೇ ಪಿಸಿಬಿ (ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಬೋರ್ಡ್) ಮಾಡಿಕೊಳ್ಳುವವರು ದಯವಿಟ್ಟು ಇದನ್ನು ಓದಿ.

ಬೋರ್ಡಿನ ಬೇಡದ ತಾಮ್ರ ಕರಗಿಸಲು, ಅಂದರೆ ಎಚ್ಚಿಂಗಿಗೆ, ಬಳಸುವ ನನ್ನ ಕ್ಯುಪ್ರಿಕ್ ಕ್ಲೋರೈಡ್ ದ್ರಾವಣ ಕಂದು ಬಣ್ಣಕ್ಕೆ ತಿರುಗಿತ್ತು. ತಾಮ್ರ ಕರಗಲು ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ಊರಿನ ಒಂದು ಅಂಗಡಿಯಲ್ಲಿ "ಕೊಡಿ ಸಾರ್, ರೀಚಾರ್ಜ್ ಮಾಡಿ ಕೊಡ್ತೀವಿ" ಅಂದರು. ಸಂಜೆ ಹೋದರೆ ಒಳ್ಳೆ ಪಚ್ಚೆ ಬಣ್ಣ. ನೀರಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿಯಾಗಿ ತಿರುಗಿಸಿ ಕೊಟ್ಟರು. ಏನು ಹಾಕಿದ್ರಿ ಎಂದು ಕೇಳಿದ್ದಕ್ಕೆ "ಆಸಿಡ್ ಅಷ್ಟೇ" ಎಂಬ ಉತ್ತರ. ನಿಜಕ್ಕೂ ಹಾಕಿದ್ದು ಹೈಡ್ರೋಜನ್ ಪೆರಾಕ್ಸೈಡ್. ಆಮೇಲೆ ಹೋಗಿ ಜೋರು ಮಾಡಿದಾಗ ಒಪ್ಪಿಕೊಂಡರು.

ಮರುದಿನ ಹಿತ್ತಲಲ್ಲಿದ್ದ ಅಮ್ಮ "ಈ ಬಾಟ್ಲು ಯಾಕೋ ವಾಲ್ತಾ ಇದೆ, ನೋಡೋ" ಎಂದು ಕೂಗಿದರು. ತಳ ಉಬ್ಬಿ ಬಾಟಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅವರು ಈಚೆ ಸರಿಯುವಷ್ಟರಲ್ಲಿ ಮುಚ್ಚಳ ಹಾರಿತು. ಅಮ್ಮನ ಮೊಣಕೈ ಮೇಲೆ ಸಿಡಿದದ್ದನ್ನು ತಕ್ಷಣ ನಲ್ಲಿ ಕೆಳಗೆ ಹಿಡಿದು ತೊಳೆದೆವು, ಚರ್ಮ ಕೆಂಪಾಗಿದ್ದಷ್ಟೇ. ಕಣ್ಣಿಗೆ ಬಿದ್ದಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ. ಪಕ್ಕದಲ್ಲಿದ್ದ ಈಳಿಗೆಮಣೆಯ ಅಲಗಿನ ಮೇಲೆ ಹನಿ ಬಿದ್ದ ಕಡೆಯೆಲ್ಲ ಕೆಂಪಗೆ ತಾಮ್ರ ಕೂತಿತ್ತು. ಅದನ್ನು ಅಡುಗೆಗೆ ಮತ್ತೆ ಬಳಸಲಿಲ್ಲ.

ತಾಮ್ರ ಇರುವ ದ್ರಾವಣದಲ್ಲಿ ಪೆರಾಕ್ಸೈಡ್ ಬೇಗ ಒಡೆದು ಆಕ್ಸಿಜನ್ ಬಿಡುತ್ತದೆ. ಬಿಸಿಲಿಗೆ ಇನ್ನೂ ಜೋರು. ಆ ಗಾಳಿಗೆ ದಾರಿ ಇಲ್ಲದಿದ್ದರೆ ಬಾಟಲಿ ಸಿಡಿಯುತ್ತದೆ. ಮಾರುವವರಿಗೆ ಇಷ್ಟು ಗೊತ್ತಿರಬೇಕು ಅಲ್ವಾ?

ರೀಚಾರ್ಜನ್ನು ಮನೆಯಲ್ಲೇ ನಿಧಾನವಾಗಿ ಮಾಡಿಕೊಳ್ಳುವುದು ವಾಸಿ. ತಾಮ್ರ ತಿಂದ ಕ್ಯುಪ್ರಿಕ್ ಕ್ಲೋರೈಡ್ ಕ್ಯುಪ್ರಸ್ ಆಗುತ್ತದೆ, ಕಂದು ಬಣ್ಣ ಬರುವುದು ಅದಕ್ಕೇ. ಮೀನಿನ ತೊಟ್ಟಿಗೆ ಹಾಕುವ ಏರ್ ಪಂಪಿನಿಂದ ಗುಳ್ಳೆ ಬಿಡಿ. ಗಾಳಿಯ ಆಕ್ಸಿಜನ್ನೇ ಅದನ್ನು ಮತ್ತೆ ಹಸಿರಿಗೆ ತರುತ್ತದೆ. ಇದರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಖರ್ಚಾಗುವುದರಿಂದ ಆಗಾಗ ಸ್ವಲ್ಪ ಸೇರಿಸಬೇಕು. ಪಂಪನ್ನು ದ್ರಾವಣಕ್ಕಿಂತ ಎತ್ತರದಲ್ಲಿಡಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಆಸಿಡ್ ಪೈಪಿನಲ್ಲಿ ಹಿಂದಕ್ಕೆ ಬಂದು ಪಂಪಿಗೇ ಇಳಿಯುತ್ತದೆ. ನಮ್ಮ ಕಡೆ ಕರೆಂಟ್ ಹೋಗುವುದು ಗೊತ್ತೇ ಇದೆ. ಆಸಿಡ್ ಹೊಗೆ ಕಬ್ಬಿಣಕ್ಕೆಲ್ಲ ತುಕ್ಕು ಹಿಡಿಸುತ್ತದೆ, ಕೆಲಸ ಹೊರಗೇ ಇರಲಿ. ಕನ್ನಡಕ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಅಂಗಡಿಯಿಂದಲೇ ತರುವುದಾದರೆ ಪೆರಾಕ್ಸೈಡ್ ಹಾಕಿದ್ದೀರಾ ಎಂದು ನೇರವಾಗಿ ಕೇಳಿ. ಹೌದೆಂದರೆ, ಅಥವಾ ಉತ್ತರ ತಡವರಿಸಿದರೆ, ಬಿಗಿ ಮುಚ್ಚಳದ ಬಾಟಲಿಯನ್ನು ಅಲ್ಲೇ ಬಿಟ್ಟು ಬನ್ನಿ.